ಗೆದ್ದವರ ಅಪೀಲು

ಬ್ರಹ್ಮ ಹಣೆಬರಹ ಬರೆದಾಗಲೇ ನಮ್ಮ ಚಿಕ್ಕಪ್ಪ ‘ಇದರ ಮೇಲೆ ಯಾರ ಹತ್ತಿರ ಹೋಗಬೇಕು?’ ಎಂದು ಕೇಳಿರುತ್ತಾರೆ, ಅನುಮಾನವೇ ಬೇಡ!

ಮೇಲ್ಮನವಿ ಎಂದರೇನು? ಕೆಳಗಿನ ಕೋರ್ಟಿನ ತೀರ್ಪು ಒಪ್ಪಿಗೆಯಾಗದವರು ಮೇಲಿನ ಕೋರ್ಟಿಗೆ ಹೋಗಿ ‘ಇನ್ನೊಂದ್ಸಲ ನೋಡಿ ಸ್ವಾಮಿ’ ಎನ್ನುವುದು. ನಮ್ಮ ವೇಮಗಲ್ಲಿನಲ್ಲಿ ಇದಕ್ಕೆ ಅಪೀಲು ಎನ್ನುತ್ತಾರೆ. ಚಿಕ್ಕಪ್ಪನಿಗೆ ಅದು ಉಸಿರಾಟ. ಚಿಕ್ಕಮ್ಮ ಎರಡನೇ ಕಾಫಿ ಇಲ್ಲವೆಂದರೆ ನೇರ ಅಜ್ಜಿಯ ಮುಂದೆ ಹಾಜರು. ಅಜ್ಜಿಯ ತೀರ್ಪು: “ಅವಳು ಹೇಳ್ದಂಗೆ ಕೇಳಪ್ಪಾ. ನಂಗೂ ಅನ್ನ ಹಾಕೋಳು ಅವಳೇ!”

ಊರಿನ ಡಾಕ್ಟರು ಸಕ್ಕರೆ ಬಿಡಿ ಎಂದಾಗ ಕೋಲಾರದ ದೊಡ್ಡ ಡಾಕ್ಟರ ಬಳಿ ಹೋದರು. ಅವರು ಅನ್ನವನ್ನೂ ಬಿಡಿಸಿದರು. ಅಪೀಲಿನಲ್ಲಿ ಶಿಕ್ಷೆ ಹೆಚ್ಚಾಗುವುದೂ ಉಂಟೆಂದು ನನಗೆ ಗೊತ್ತಾದದ್ದು ಆಗಲೇ!

ಇಂಥವರು ಒಂದು ಹುಣಸೆಮರಕ್ಕಾಗಿ ನಮ್ಮಪ್ಪನ ಮೇಲೆಯೇ ಕೇಸು ಹಾಕಿದರು. ಮರ ಬದುವಿನ ಯಾವ ಕಡೆಯದು ಎಂಬುದೇ ವ್ಯಾಜ್ಯ. ವಾಯಿದೆಯ ದಿನ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಕೋಲಾರಕ್ಕೆ ಹೋಗಿ, ಒಂದೇ ಹೋಟೆಲಿನಲ್ಲಿ ಇಡ್ಲಿ ತಿಂದು, ಕೋರ್ಟಿನ ಗೇಟಿನ ಹತ್ತಿರ ಬಂದ ಮೇಲೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಎಂಥಾ ದ್ವೇಷ ನೋಡಿ!

ಕೊನೆಗೆ ಚಿಕ್ಕಪ್ಪ ಗೆದ್ದರು. ಅಪ್ಪ ಆ ಸಂಜೆ ಬೇರೆ ಬಸ್ಸು ಹತ್ತಿದರು. ಆಮೇಲೆ ತಮ್ಮನ ಜೊತೆ ಮಾತೇ ಇಲ್ಲ.

ಎರಡು ವಾರ ಕಾದ ಚಿಕ್ಕಪ್ಪ ತಮ್ಮ ವಕೀಲರ ಬಳಿ ಹೋದರು. “ನಾನೇ ಒಂದು ಅಪೀಲು ಹಾಕ್ಬಿಡ್ಲಾ ಸಾರ್?”

ವಕೀಲರು ಕನ್ನಡಕ ತೆಗೆದರು. “ಗೆದ್ದೋರು ಹಾಕೋ ಹಾಗಿಲ್ಲ ಯಜಮಾನ್ರೇ. ಸೋತೋರು ಹಾಕ್ಬೇಕು. ಮೂವತ್ತು ದಿನ ಟೈಮಿರ್ತದೆ.”

ಇಪ್ಪತ್ತೊಂಬತ್ತನೆಯ ದಿನ ಚಿಕ್ಕಪ್ಪ ತೀರ್ಪಿನ ನಕಲು ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

“ಅಣ್ಣಾ, ನಾಳೆಗೆ ಟೈಮ್ ಮುಗೀತದೆ. ಅಪೀಲು ಹಾಕು.”

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ಗೆದ್ದಿದ್ದೀಯಲ್ಲೋ. ಇನ್ನೇನ್ ಬೇಕು ನಿಂಗೆ?”

“ಗೆದ್ದಾಗಿಂದ ನೀನ್ ನನ್ ಜೊತೆ ಮಾತಾಡಿಲ್ಲ. ಕೇಸೂ ಮುಗುದ್ರೆ ನಾನ್ ಯಾರ್ ಜೊತೆ ಕೂತ್ಕೊಂಡ್ ಹೋಗ್ಲಿ?” ಎನ್ನುತ್ತ ಚಿಕ್ಕಪ್ಪ ನಕಲನ್ನು ಅಪ್ಪನ ಮುಂದೆ ಚಾಚಿದರು.

ನಗಲು ಹೊರಟ ನನಗೆ ನಗು ಬರಲಿಲ್ಲ, ಸಂಕಟವಾಯಿತು. ಅಪ್ಪ ಪೇಪರು ಮಡಿಸಿದರು.

“ಅಪೀಲೂ ಬೇಡ ಗಿಪೀಲೂ ಬೇಡ. ಸೋಮವಾರ ಎಂಟು ಗಂಟೆ ಬಸ್ಸಿಗೆ ಬಾರೋ.”

ಸೋಮವಾರ ಇಬ್ಬರೂ ಕೋಲಾರಕ್ಕೆ ಹೋದರು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.