ಕೂಲಿಂಗಪ್ಪ

ನಮ್ಮ ಸೋದರಮಾವ ಒಂದು ಕೂಲಿಂಗ್ ಗ್ಲಾಸು ಆರಿಸಲು ತೆಗೆದುಕೊಂಡ ಕಾಲದಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಗಂಡು ಗೊತ್ತಾಗಿ, ಮದುವೆಯೂ ಆಗಿ, ಅವಳು ಅತ್ತೆಯ ಜೊತೆ ಜಗಳವಾಡಿಕೊಂಡು ತವರಿಗೆ ವಾಪಸ್ಸೂ ಬಂದಿದ್ದಳು! ಗಂಡನನ್ನು ಅಷ್ಟು ಅವಸರದಲ್ಲಿ ಆರಿಸಿದ್ದೇ ತಪ್ಪು, ನನ್ನ ಹಾಗೆ ನಾಲ್ಕು ಕಡೆ ನೋಡಿ ತಗೋಬೇಕಿತ್ತು ಎಂದು ಮಾವ ಅವಳಿಗೇ ಹೋಗಿ ಬುದ್ಧಿ ಹೇಳಿದ. ಅವಳು ಪೊರಕೆ ಹುಡುಕುವಷ್ಟರಲ್ಲಿ ಮನೆ ಸೇರಿಕೊಂಡ.

ಮಾವ ಎಂದರೆ ನನ್ನ ಅವ್ವನ ಒಬ್ಬನೇ ತಮ್ಮ. ಸಾಸ್ವೆಹಳ್ಳಿ ಹತ್ತಿರದ ನಮ್ಮೂರಿನಲ್ಲೇ, ನಮ್ಮ ಮನೆಯ ಎದುರಿಗೇ ಅವನ ಮನೆ. ಮೂವತ್ತು ದಾಟಿದರೂ ಮದುವೆಯಿಲ್ಲ. ಏನು ಕೊಳ್ಳಬೇಕಾದರೂ ಪರೀಕ್ಷೆ ಮಾಡಬೇಕು. ಕೊಡೆ ಕೊಂಡರೆ ಅದನ್ನು ಹಿಡಿದು ನಲ್ಲಿಯ ಕೆಳಗೆ ಕೂರುವವನು, ಚಪ್ಪಲಿ ಕೊಳ್ಳುವ ಮೊದಲು ಅಂಗಡಿಯವನ ಗೋಡೆಗೆ ಬಾರಿಸಿ ನೋಡುವವನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ನಮ್ಮ ಮನೆಯ ಚಿಂತೆ ಬೇರೆಯೇ ಇತ್ತು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಲ್ಲು ಆರಿಸುವುದರಲ್ಲಿ ಹೆಸರಾಗಿದ್ದವಳು ಈಗ ಅಕ್ಕಿ ಬಿಸಾಕಿ ಕಲ್ಲು ಬೇಯಿಸುತ್ತಿದ್ದಳು. ಯುಗಾದಿಗೆ ಮುಂಚೆ ಹೊನ್ನಾಳಿಯಲ್ಲಿ ಕಣ್ಣಿನ ಕ್ಯಾಂಪು ಇತ್ತು. ಆಗಲೇ ಆಪರೇಷನ್ ಮಾಡಿಸದಿದ್ದರೆ ದೃಷ್ಟಿ ಹೋದೀತು ಎಂದಿದ್ದರು ಡಾಕ್ಟರು. ಅವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೆದರಿಕೆ ಆಪರೇಷನ್ನಿನದಲ್ಲ! ಆಮೇಲೆ ತಿಂಗಳುಗಟ್ಟಲೆ ಹಾಕಿಕೊಳ್ಳಬೇಕಾದ ಕಪ್ಪು ಕನ್ನಡಕದ್ದು.

"ಕಣ್ಣು ಹೋದ್ರೂ ಹೋಗ್ಲಿ. ಆ ಕರೀ ಗ್ಲಾಸ್ ಹಾಕ್ಕಂಡು ಬೀದ್ಯಾಗೆ ಓಡಾಡಾಕೆ ನನ್ ಕೈಲಿ ಆಗಲ್ಲ. ಹೆಸ್ರು ಇಟ್ಬಿಡ್ತಾರೆ."

ನಗಬೇಡಿ. ನಮ್ಮೂರಿನಲ್ಲಿ ಅಡ್ಡಹೆಸರು ಎಂದರೆ ಹುಡುಗಾಟವಲ್ಲ. ಯಾವನೋ ಪುಣ್ಯಾತ್ಮ ಬಸ್ಸಿನಲ್ಲಿ ನಿದ್ದೆ ಹೋಗಿ, ಸವಳಂಗದಲ್ಲಿ ಇಳಿಯಬೇಕಾದವನು ಶಿವಮೊಗ್ಗ ಮುಟ್ಟಿದ್ದ. ಇವತ್ತಿಗೂ ಅವನ ಮೊಮ್ಮಕ್ಕಳು 'ನಿದ್ದೆಯೋರು'! ಇಷ್ಟೆಲ್ಲ ಅನ್ಯಾಯದ ನಡುವೆ ಒಂದೇ ಒಂದು ನ್ಯಾಯವಿತ್ತು. ಒಬ್ಬರಿಗೆ ಇಟ್ಟ ಹೆಸರನ್ನು ಇನ್ನೊಬ್ಬರಿಗೆ ಇಡುವಂತಿರಲಿಲ್ಲ.

ಅಕ್ಕನ ಕಣ್ಣು ಮಂಜಾಗುತ್ತಿರುವ ಹೊತ್ತಿನಲ್ಲೇ ತಮ್ಮನಿಗೆ ಕೂಲಿಂಗ್ ಗ್ಲಾಸಿನ ಶೋಕಿ ಹತ್ತಬೇಕೆ? ಹತ್ತಿತು! ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು, ಚೌಕಾಸಿಗೆ ಹೆಣ್ಣುಮಕ್ಕಳೇ ಸರಿ ಎಂದು ಹೊನ್ನಾಳಿಗೆ ಎಳೆದುಕೊಂಡು ಹೋದ. ಬಸ್ ಸ್ಟ್ಯಾಂಡಿನ ಹತ್ತಿರ ಸಾಹೇಬರೊಬ್ಬರು ಹಲಗೆಯ ಮೇಲೆ ಕನ್ನಡಕಗಳನ್ನು ಸಾಲಾಗಿ ಜೋಡಿಸಿಕೊಂಡು ನಿಂತಿದ್ದರು.

"ಕೂಲಿಂಗ್ ಗ್ಲಾಸ್ ಅಂತೀರಲ್ರೀ, ಕೂಲಿಂಗ್ ಎಲ್ಲೈತೆ?" ಎನ್ನುತ್ತಾ ಮಾವ ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ಬೆಳಗಿನಿಂದ ಬಿಸಿಲು ಕುಡಿದ ಮಾಲು. ಚುರ್ ಎಂದಿತು.

"ಇದು ಬಿಸಿ ಐತೆ! ಮೋಸ!"

"ಅಣ್ಣಾರೇ," ಎಂದರು ಸಾಹೇಬರು ತಾಳ್ಮೆಯಿಂದ, "ನೀವು ಕೇಳ್ತಿರೋದು ಮಜ್ಜಿಗೆ. ಅದು ಆ ಕಡೆ ಅಂಗಡ್ಯಾಗೆ ಸಿಗ್ತೈತೆ."

ಹೀಗೇ ತಿಂಗಳುಗಟ್ಟಲೆ ಅಲೆದು ಕೊನೆಗೆ ಚನ್ನಗಿರಿ. ಅದು ಕನ್ನಡಿ, ಕುರ್ಚಿ ಎಲ್ಲ ಇದ್ದ ದೊಡ್ಡ ಅಂಗಡಿ. ಮಾವ ಒಂದೊಂದೇ ಗ್ಲಾಸನ್ನು ಕಣ್ಣಿನಿಂದ ದೂರ ಹಿಡಿದು ಅಲ್ಲಾಡಿಸಿ, ಬೀದಿಯ ಲೈಟ್ ಕಂಬ ಅದರೊಳಗೆ ಸೊಟ್ಟಗಾಗುತ್ತದೆಯೇ ಎಂದು ನೋಡಿದ. "ಬರೇ ಕಪ್ಪಗಿದ್ರೆ ಆತೇನ್ರಿ? ಕಣ್ಣು ಕಾಯಬೇಕಲ್ಲ" ಎಂದ. ಬಿಗಿಯಾದದ್ದು ಕಿವಿ ಕೊಯ್ಯುತ್ತದೆ ಎಂದ, ಸಡಿಲವಾದದ್ದು ಮೂಗಿನಿಂದ ಜಾರುತ್ತದೆ ಎಂದ. ಕನ್ನಡಕದ ಕಾಲಿನ ತಿರುಪು ತಿರುಗಿಸಿ ನೋಡಿದ. ಕೊನೆಗೆ ಒಂದನ್ನು ಏರಿಸಿಕೊಂಡು, ಅಂಗಡಿಯ ನಟ್ಟನಡುವೆ ಕಸ ಗುಡಿಸುವವರ ಹಾಗೆ ಬಗ್ಗಿದ. ಕುಕ್ಕರಗಾಲಲ್ಲಿ ಕೂತು ಒಲೆ ಊದುವ ಹಾಗೆ ಊದಿದ. ಎದ್ದು ನಿಂತು ಮೊರದಲ್ಲಿ ಕೇರುವ ಹಾಗೆ ಕೈ ಆಡಿಸಿದ. ಮನೆಯಲ್ಲಿ ಒಂದು ಕಡ್ಡಿ ಎತ್ತಿ ಆ ಕಡೆ ಇಡದ ಭೂಪ!

ಅಂಗಡಿಯವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಕ್ಕಾರೇ, ಇವರಿಗೆ ಮೈಮೇಲೆ ದೇವ್ರು ಬರ್ತೈತೇನ್ರಿ?"

ಅಂತೂ ಅದೇ ಗ್ಲಾಸು ಬಂತು. ಬಂದದ್ದು ಅವನ ಮುಖ ಬಿಟ್ಟು ಇಳಿಯಲೇ ಇಲ್ಲ. ಬೀದಿ ನಲ್ಲಿಯ ಹತ್ತಿರ, ಅರಳಿಕಟ್ಟೆಯ ಮೇಲೆ, ಸಂಜೆ ಭಜನೆಯಲ್ಲಿ, ಎಲ್ಲೆಲ್ಲೂ ಅದೇ. ಬಸ್ಸು ಹತ್ತಿದರೆ ಕಣ್ಣುಬೇನೆಯ ಮನುಷ್ಯ ಎಂದು ಪಕ್ಕದವರು ಎದ್ದು ಹೋಗುತ್ತಿದ್ದರು. ಮಾವ ಕಾಲು ಚಾಚಿಕೊಂಡು ನ್ಯಾಮತಿಯವರೆಗೂ ರಾಜನ ಹಾಗೆ ಹೋಗಿಬಂದ. ಆ ದಿನ ನನ್ನ ನಾಲಿಗೆ ತುರಿಸಿತು. ನಲ್ಲಿಯ ಹತ್ತಿರ ಹತ್ತು ಜನ ಹೆಂಗಸರ ಮುಂದೆ "ನೋಡ್ರಿ, ನಮ್ಮ ಕೂಲಿಂಗಪ್ಪ ಬಂದ" ಎಂದುಬಿಟ್ಟೆ. ಊರಿನಲ್ಲಿ ಲಿಂಗಪ್ಪಂದಿರು ನಾಲ್ಕು ಮಂದಿ ಇದ್ದರು, ಕೂಲಿಂಗಪ್ಪ ಇವನೊಬ್ಬನೇ. ಸಂಜೆಯೊಳಗೆ ಊರೆಲ್ಲ ಅದೇ ಹೆಸರು. ಕೊಡ ಕೆಳಗಿಟ್ಟು ನಕ್ಕವರೆಷ್ಟು!

ಆಮೇಲೆ ಸೊಕ್ಕೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಜಗಳೂರು ಸೀಮೆಯ ಒಳ್ಳೆಯ ಮನೆತನ, ಹುಡುಗಿಯೂ ಲಕ್ಷಣವಾಗಿದ್ದಳು. ನಮ್ಮೂರಿನ ಐದು ಮಂದಿ ಹಿರಿಯರ ಜೊತೆ ಮಾವ ಚಾಪೆಯ ಮೇಲೆ ಗ್ಲಾಸು ಹಾಕಿಕೊಂಡೇ ಕೂತ. ಹುಡುಗಿಯ ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿತು.

"ಯಪ್ಪಾ, ಒಂದ್ಸಲ ಅದನ್ನ ತೆಗೀರಿ. ಒಳಗೆ ಕಣ್ಣು ಐತೋ ಇಲ್ಲೋ ನೋಡ್ತೀನಿ."

"ಕಣ್ಣಿಲ್ದೆ ನಿಮ್ಮ ಹುಡುಗಿ ನೋಡಾಕೆ ಬರ್ತಿದ್ನೇನಮ್ಮಾ?" ಎಂದನೇ ಹೊರತು ತೆಗೆಯಲಿಲ್ಲ. ಹುಡುಗನದು ಮೆಳ್ಳೆಗಣ್ಣು ಎಂದು ಸಂಬಂಧ ಮುರಿಯಿತು. ಮನೆಗೆ ಬಂದವನಿಗೆ ನಾನು ಬಾಯಿಗೆ ಬಂದಂತೆ ಬೈದೆ. ಅತ್ತ ಅಕ್ಕನ ಕಣ್ಣು ಹೋಗುತ್ತಿದೆ, ಇತ್ತ ಇವನ ಮದುವೆಯೂ ಹೋಯಿತು, ಈ ದರಿದ್ರ ಗ್ಲಾಸು ಒಂದು ಉಳಿಯಿತು!

ಕ್ಯಾಂಪಿನ ದಿನ ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದ. ಅವ್ವ ಮೊರ ಹಿಡಿದು ಅಕ್ಕಿಯನ್ನು ಬೆರಳಿನಲ್ಲಿ ತಡವುತ್ತಿದ್ದಳು. ಅವಳ ಎದುರು ಕೂತು ಮೊದಲ ಸಲ ಗ್ಲಾಸು ತೆಗೆದ. ಬಿಸಿಲಿಗೆ ಸುಟ್ಟು ಕಪ್ಪಾದ ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಎರಡು ಬಿಳಿ ಬಳೆ. ನನಗೆ ನಗು ಬಂತು.

"ಅಕ್ಕ, ಬಸ್ಸಿಗೆ ಹೊತ್ತಾತು, ಏಳು. ಇದು ನಿಂಗೆ."

"ಹೇಳಿದ್ನಲ್ಲೋ, ಹೆಸ್ರು ಇಡ್ತಾರೆ ಅಂತ."

"ಇನ್ನೆಲ್ಲಿ ಇಡ್ತಾರೆ? ಗ್ಲಾಸಿನ ಹೆಸ್ರು ನಂಗೆ ಬಿತ್ತಲ್ಲ. ಒಂದು ಹೆಸ್ರು ಇಬ್ರಿಗೆ ಇಡಲ್ಲ ನಮ್ಮೂರಾಗೆ. ಸೊಕ್ಕ್ಯಾಗೆ ತೆಗೆದಿದ್ರೆ ಆ ಐದು ಮಂದಿ ಬಂದು ಇವನ ಶೋಕಿ ಮುಗೀತು ಅಂತಿದ್ರು, ಹೆಸ್ರು ಗಟ್ಟಿ ಆಗ್ತಿರ್ಲಿಲ್ಲ. ನಗೋರೆಲ್ಲ ನನ್ನ ನೋಡೇ ನಕ್ಕು ಮುಗಿಸ್ಯಾರೆ. ಅಳತೆನೂ ಸರಿ ಐತೆ ಅಕ್ಕ, ನಂದೂ ನಿಂದೂ ಒಂದೇ ಮೂಗು, ಅಪ್ಪಂದು. ಕಸ ಗುಡಿಸಾಕೆ ಬಗ್ಗಿದ್ರೂ ಬೀಳಲ್ಲ, ನಾ ನೋಡೀನಿ."

ಅವ್ವ ಕೈ ಚಾಚಿ ತಮ್ಮನ ಮುಖ ಹುಡುಕಿ, ಅವನ ಮೂಗು ಮುಟ್ಟಿದಳು. ಆಮೇಲೆ ಮೊರ ಬದಿಗಿಟ್ಟು ಎದ್ದಳು.

ಕ್ಯಾಂಪಿನಿಂದ ಬಂದ ಮೇಲೆ ಅವ್ವ ಆ ಗ್ಲಾಸು ಹಾಕಿಕೊಂಡು ಇಡೀ ಬೀದಿ ದಾಟಿ ನಲ್ಲಿಗೆ ಹೋದಳು. ನಾನು ಕೊಡ ಹಿಡಿದು ಹಿಂದೆಯೇ ನಡೆದೆ. "ಇದು ಕೂಲಿಂಗಪ್ಪನ ಗ್ಲಾಸ್ ಅಲ್ಲೇನು?" ಎಂದಳು ಒಬ್ಬಳು. ಅವ್ವ ಹೌದು ಎಂದಳು. ಅಷ್ಟೇ. ಎಲ್ಲರೂ ಕೊಡ ತುಂಬಿಸಿಕೊಳ್ಳುತ್ತಲೇ ಇದ್ದರು.

ಮುಂದೆ ಮಾವನಿಗೂ ಮದುವೆಯಾಯಿತು, ಮಕ್ಕಳಾದವು. ಊರಿಗೆ ಅವರು ಕೂಲಿಂಗಪ್ಪನ ಮಕ್ಕಳು. ಹೆಸರಿಟ್ಟ ನಾಲಿಗೆ ನನ್ನದು. ಅದರ ಸಂಕಟ ತಡೆಯಲಾರದೆ ಒಂದು ದಿನ ಹೇಳಿದೆ: "ಮಾವ, ತಪ್ಪಾತು."

"ಏ ಹುಚ್ಚಿ," ಎಂದ ಅವನು, "ನೀನು ಇಡದಿದ್ರೆ ಆ ಹೆಸ್ರು ನಿಮ್ಮವ್ವನಿಗೆ ಬೀಳ್ತಿತ್ತಲ್ಲೇ."