ನೂರು ಪಾಕೀಟು, ಒಂದು ಅನುಮಾನ

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್. ಆಳೆತ್ತರದ ಪಂಪು ಬಿಚ್ಚಿ ಜೋಡಿಸುವವನಿಗೆ ಅಂಗೈಯಗಲದ ಪಾಕೀಟು ಯಾವ ಲೆಕ್ಕ! ಎಂಬತ್ತರ ದಶಕದ ಒಂದು ರಜಾದಿನ, ಮಾನ್ವಿಯ ನಮ್ಮ ಮನೆಯಲ್ಲಿ ಹೀಗೆಂದುಕೊಂಡೇ ನಾನು ಕೆಟ್ಟೆ.

ಹೆಂಡತಿ ಸುಧಾ ಮುಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆಯ ಸಣ್ಣ ಲ್ಯಾಬ್ ಇಟ್ಟಿದ್ದಳು. ಮರುದಿನ ಹಿರೇಕೊಟ್ನೆಕಲ್‌ನಲ್ಲಿ ಮಲೇರಿಯಾ ಶಿಬಿರ. ಗಾಜಿನ ಸ್ಲೈಡು, ಸೂಜಿ, ಹತ್ತಿ ಸೇರಿಸಿ ಅಂಟಿಸಿದ ನೂರು ಪಾಕೀಟು ಕೊಡುತ್ತೇನೆಂದು ಡಾಕ್ಟರಿಗೆ ಮಾತು ಕೊಟ್ಟಿದ್ದಳು. ಲ್ಯಾಬಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು.

"ಕೈಲೆ ಮಾಡಿದ್ರ ಸಂಜಿ ಆಗ್ತದ. ಯಂತ್ರ ಮಾಡಿ ಕೊಡ್ತೀನಿ" ಎಂದೆ.

"ಮಾತು ಕೊಟ್ಟಾಕಿ ನಾನ್ರೀ. ತಪ್ಪಿದ್ರ ನನ್ನ ಮಾನ ಹೋಗ್ತದ."

ಹೊಲಿಗೆ ಯಂತ್ರದ ಗಾಲಿಗೆ ಮೂರು ಡಬ್ಬಿ, ಒಂದು ಅಂಟಿನ ರೋಲರ್ ಜೋಡಿಸಿದೆ. ಹಿಡಿಕೆ ತಿರುಗಿಸಿದರೆ ಮೂರೂ ಸಾಮಾನು ಕಾಗದದ ಕವರಿಗೆ ಬಿದ್ದು ಬಾಯಿ ಅಂಟಿಕೊಳ್ಳುತ್ತಿತ್ತು. ಒಂದು ತಾಸಿನಲ್ಲಿ ನೂರು ಪಾಕೀಟು! ಸುಧಾ ಖುಷಿಯಿಂದ ಚಹಾ ಮಾಡಲು ಒಳಗೆ ಹೋದಳು.

ಆಗ ನನಗೆ ಅನುಮಾನ ಶುರುವಾಯಿತು. ಸೂಜಿ ಬಿದ್ದಿದೆಯೋ ಇಲ್ಲವೋ? ಗಾಜು ಒಡೆದಿದ್ದರೆ? ಒಂದನ್ನು ಹರಿದು ನೋಡಿದೆ. ಸರಿಯಿತ್ತು. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಿರಬೇಕೆಂದು ಯಾವ ಕಾನೂನಿದೆ? ಎರಡನೆಯದನ್ನೂ ಹರಿದೆ. ಹತ್ತಾದರೂ ಹರಿಯುವುದು ನಿಲ್ಲಲಿಲ್ಲ. ಐವತ್ತಾದ ಮೇಲಂತೂ, ದೋಷ ಉಳಿದ ಐವತ್ತರಲ್ಲೇ ಅಡಗಿದೆ ಎಂದು ಖಾತ್ರಿಯಾಯಿತು. ಸುಧಾ ಚಹಾ ತಂದಾಗ ನೂರನೆಯದನ್ನು ಹರಿಯುತ್ತಿದ್ದೆ.

"ಏನ್ ಮಾಡಾಕತ್ತೀರಿ?"

"ತಪಾಸಣೆ. ನೂರಕ್ಕ ನೂರೂ ಸರಿ ಅದಾವ."

"ಅದಾವ ಅಲ್ಲ, ಇದ್ದವು."

ಮನೆಯಲ್ಲಿ ಬೇರೆ ಕವರು ಇರಲಿಲ್ಲ. ನಾನು ಮುಟ್ಟಿದ ಸ್ಲೈಡು, ಸೂಜಿಗಳನ್ನೆಲ್ಲ ಮತ್ತೆ ಸ್ಪಿರಿಟ್‌ನಿಂದ ಒರೆಸಬೇಕಿತ್ತು. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಪಕ್ಕದ ಮನೆಯ ಖೈರೂನ್ ಚಾಚಿ ಬಂದು ಇಣುಕಿದರು. ಅವರದು ಚಹಾಪುಡಿ ಅಂಗಡಿ. ಕಾಗದದ ಕವರು ಮಾಡುವುದು ಅವರ ಮನೆಯ ನಿತ್ಯದ ಕೆಲಸ.

"ಅಳಬ್ಯಾಡ ಬೇಟಿ. ಹೊಸಾ ಬಿಳೀ ಕವರ್ ಕಟ್ಟು ಅದ, ತರ್ತೀನಿ. ಮೊದಲ ನಿನ್ನ ಗಂಡನ್ನ ಹೊರಗ ಹಾಕು."

ಸುಧಾ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಒಳಗಿನಿಂದ ಚಿಲಕ ಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ನನ್ನ ಯಂತ್ರ ಟಕ್ ಟಕ್ ಎನ್ನತೊಡಗಿತು. ಎಲ್ಲೂ ನಿಲ್ಲಲಿಲ್ಲ, ತಪ್ಪಲಿಲ್ಲ. ಅದರ ಒಂದೇ ಒಂದು ದೋಷ ಕಟ್ಟೆಯ ಮೇಲೆ ಕೂತಿತ್ತು.

"ನೂರೂ ಆದವು ನೋಡ್ರಿ" ಎಂದು ಸುಧಾ ಕಿಟಕಿಯಿಂದ ಹೇಳಿದಳು. ಧ್ವನಿಯಲ್ಲಿ ನಗು ಮರಳಿತ್ತು.

"ಒಂದು... ಒಂದೇ ಒಂದು ತೆಗೆದು ನೋಡ್ಲೇನು?" ಎಂದೆ.

ಕಿಟಕಿಯೂ ಮುಚ್ಚಿತು.