ಅಡಿವೆಪ್ಪನ ಹಾಲುಪುಡಿ ದಿಗ್ವಿಜಯ

ಪಿಎಚ್.ಡಿ. ಪಟ್ಟಕ್ಕಾಗಿ ಮನುಜರು ತಲೆಗೂದಲನ್ನೇ ಬಲಿಗೊಟ್ಟ ಯುಗದ ಮಹಾಪುರುಷನೊಬ್ಬನ ಪರಾಕ್ರಮವನ್ನು ಬಣ್ಣಿಸಲು ಕುಳಿತಿದ್ದೇನೆ. ಸಕಲಜೀವಕೋಶಾಂತರ್ವಾಸಿನಿಯಾದ ಫಾಸ್ಫೇಟದೇವಿಯೇ, ನಾಲಿಗೆಗೆ ಬಲ ಕೊಡು. ನೀನು ಎಡಿಪಿಯ ತುದಿಗೆ ಅಂಟಿದೆಯೆಂದರೆ ಅದು ಎಟಿಪಿಯಾಗಿ ಕೋಶದ ಕೆಲಸಗಳಿಗೆಲ್ಲ ಶಕ್ತಿ ಒದಗಿಸುತ್ತದೆ. ಕೈನೇಸ್ ಎಂಬ ಕಿಣ್ವ ನಿನ್ನನ್ನು ಒಯ್ದು ಪ್ರೋಟೀನಿನ ಮೇಲೆ ಕೂರಿಸಿದರೆ ಮಲಗಿದ್ದ ಪ್ರೋಟೀನು ಎದ್ದು ದುಡಿಯುತ್ತದೆ, ಫಾಸ್ಫಟೇಸ್ ಬಂದು ಇಳಿಸಿದರೆ ಮತ್ತೆ ಮಲಗುತ್ತದೆ. ಕೆಲವಕ್ಕೆ ಇದೇ ತಿರುಗುಮುರುಗು. ಇಂಥ ನಿನ್ನನ್ನು ಸೆರೆಹಿಡಿಯಲು ಹೊರಟವನು ಯಾರೆಂದು ನೆನೆದರೆ ನನಗೆ ನಗು ತಡೆಯುವುದಿಲ್ಲ.

ಅವನೇ ಧಾರವಾಡದ ಒಂದು ಪ್ರಯೋಗಶಾಲೆಯ ಪಿಪೆಟ್‌ಧಾರಣದಕ್ಷದಕ್ಷಿಣಹಸ್ತನೂ, ಪರೋಪದೇಶಶ್ರವಣಬಧಿರನೂ, ಅಪೂರ್ಣಪ್ರಬಂಧಭಾರಾವನತಸ್ಕಂಧನೂ ಆದ ಅಡಿವೆಪ್ಪ ಹೂಲಿ. ಹಸಿದ ಯಕೃತ್ತಿನ ಕೋಶಗಳಲ್ಲಿ ಒಂದು ಪ್ರೋಟೀನಿನ ಮೇಲೆ ಫಾಸ್ಫೇಟು ಬಂದು ಕೂರುತ್ತದೆಂದು ತೋರಿಸಲು ಅವನಿಗೆ ಐದು ವರ್ಷ ಸಾಕಾಗಿರಲಿಲ್ಲ. ಈಗ ಉಳಿದದ್ದು ಕೊನೆಯ ಮಾದರಿ. ಜೊತೆಗೆ ಫಾಸ್ಫೇಟು ಹೊತ್ತ ಪ್ರೋಟೀನು ಕಂಡಲ್ಲೆಲ್ಲ ಅಂಟಿಕೊಳ್ಳುವ ಪ್ರತಿಕಾಯದ ಕೊನೆಯ ಹನಿ. ಅದು ಅಂಟಿದ ಜಾಗವಷ್ಟೇ ಫಿಲ್ಮಿನಲ್ಲಿ ಕಪ್ಪಾಗಿ ಕಾಣುತ್ತದೆ. ಸಂಜೆ ಐದರೊಳಗೆ ಫಿಲ್ಮಿನ ಮೇಲೆ ಒಂದು ಕರಿ ಗೆರೆ ಮೂಡಿದರೆ ಮಾರ್ಗದರ್ಶಕಿ ಇನಾಮದಾರ ಮೇಡಂ ಸಹಿ ಹಾಕುತ್ತಾರೆ, ಮೂಡದಿದ್ದರೆ ನೋಂದಣಿಯೇ ರದ್ದು.

ಪ್ರೋಟೀನು ಅಂಟಿಸಿದ ಪೊರೆಯಲ್ಲಿ ಖಾಲಿ ಉಳಿದ ಜಾಗವನ್ನು ಮೊದಲು ಬೇರೆ ಪ್ರೋಟೀನಿನಿಂದ ಮುಚ್ಚಬೇಕು, ಇಲ್ಲವಾದರೆ ಪ್ರತಿಕಾಯ ಎಲ್ಲೆಂದರಲ್ಲಿ ಅಂಟುತ್ತದೆ. ಅದಕ್ಕೆ ಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮುಗಿದು ಎರಡು ವಾರವಾಗಿತ್ತು, ಆದರೆ ತರಿಸುವ ಚೀಟಿ ಬರೆಯುವಂಥ ಕ್ಷುದ್ರ ಕಾರ್ಯಕ್ಕೆ ನಮ್ಮ ವೀರನ ಕೈ ಏಳುತ್ತದೆಯೇ? ಬೇರೆ ಪ್ರಯೋಗಗಳಿಗೆ ಅಲ್ಲಿ ಎಲ್ಲರೂ ಚಹಾದ ಹಾಲುಪುಡಿಯನ್ನೇ ಬಳಸುತ್ತಿದ್ದರು. ಆದ್ದರಿಂದ ಅವನು, ಇಪ್ಪತ್ತು ವರ್ಷಗಳಿಂದ ಅಲ್ಲಿ ಗಾಜು ತೊಳೆದು ಚಹಾ ಕಾಯಿಸುತ್ತಿದ್ದ ನೀಲವ್ವನ ಮೇಲೆ ದಂಡೆತ್ತಿ ಹೋದನು.

"ನೀಲಕ್ಕಾ, ಹಾಲುಪುಡಿ ಡಬ್ಬಿ ಇಳಸು. ಫಾಸ್ಫೇಟಿನ ಪೊರೆ ಮುಚ್ಚೂದೈತಿ."

"ಫಾಸ್ಫೇಟಿನ ಕೆಲಸಕ್ಕ ಹಾಲು ಬ್ಯಾಡ ಅಂತ ಮೇಡಮ್ನೋರು ಎಲ್ಲಾರಿಗೂ ಬೈತಿರ್ತಾರಲ್ರಿ ಸರ. ಹಾಲಿನಾಗೂ ಅದ ಇರತೈತಂತ. ಒಂದ ಮಾತ ಕೇಳ್ಕೊಂಡ ಬರ್ರಿ."

ಆಗ ಆ ಕೋಪಾರುಣಕರ್ಣದ್ವಯನು ಎದೆಯುಬ್ಬಿಸಿ ನುಡಿದನು: "ಐದ ವರ್ಷ ಈ ಫಾಸ್ಫೇಟಿನ ಬೆನ್ನ ಹತ್ತೇನಿ. ಎರಡ ಸಮ್ಮೇಳನದಾಗ ಪೋಸ್ಟರ್ ಹಚ್ಚೇನಿ. ನನ್ನ ಹೆಸರ ಕೇಳಿದ್ರ ಕೈನೇಸ್ ಎದ್ದ ನಿಂದರತಾವ. ಚಾ ಕಾಯಿಸಾಕಿ ಕಡಿಂದ ನಾ ಕಲೀಬೇಕೇನು?"

ಈ ಮಾತು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ನೀಲವ್ವ ಮಾತ್ರ ಡಬ್ಬಿ ಬಿಡಲಿಲ್ಲ. ಅವನು ಹಿಡಿದೆಳೆದನು, ಅವಳು ಮರಳಿ ಎಳೆದಳು, ಮುಚ್ಚಳ ಹಾರಿ ಶ್ವೇತಚೂರ್ಣವು ದಶದಿಕ್ಕುಗಳನ್ನು ವ್ಯಾಪಿಸಿ ವೀರನ ಮೀಸೆ ಬೆಳ್ಳಗಾಯಿತು. ಕೊನೆಗೆ ಅವಳೇ ಕೈಬಿಟ್ಟಳು.

"ಒಯ್ರಿ ಸರ. ನಿಮ್ಮ ಹಣೇಬಾರ."

ವಿಜಯೋನ್ಮತ್ತನಾದ ಅಡಿವೆಪ್ಪನು ಪೊರೆಯನ್ನು ಹಾಲಿನಲ್ಲಿ ಮುಳುಗಿಸಿ, ಕೊನೆಯ ಹನಿ ಪ್ರತಿಕಾಯವನ್ನು ಅದರ ಮೇಲೆ ಸುರಿದು, ಐದಕ್ಕೆ ಹತ್ತು ನಿಮಿಷವಿರುವಾಗ ಫಿಲ್ಮನ್ನು ಮೇಡಂ ಮುಂದೆ ಹಿಡಿದನು. ಫಿಲ್ಮು ಮೂಲೆಯಿಂದ ಮೂಲೆಗೆ ಕಪ್ಪಾಗಿತ್ತು. ಅದರಲ್ಲಿ ಅವನ ಗೆರೆ ಇತ್ತೋ ಇಲ್ಲವೋ, ಇನ್ನು ಯಾರಿಗೂ ಹೇಳಲಾಗದು.

"ಏನ ಹಾಕಿದ್ಯೋ ಇದಕ್ಕ?"

"ಹಾಲುಪುಡಿರಿ ಮೇಡಂ."

ಮೇಡಂ ಪೆನ್ನಿನ ಕ್ಯಾಪ್ ಮುಚ್ಚಿದರು. "ಹಾಲಿನ ಕೇಸೀನ್ ಪ್ರೋಟೀನಿಗೆ ಮೈತುಂಬ ಫಾಸ್ಫೇಟ್ ಇರತೈತಿ, ತಮ್ಮಾ. ಬಿ.ಎಸ್ಸಿ. ಹುಡುಗೂರಿಗೂ ಗೊತ್ತೈತಿ. ನೀ ಹಿಡದಿದ್ದು ನಿನ್ನ ಪ್ರೋಟೀನಲ್ಲ, ಆಕಳದ್ದು."

ಹೀಗೆ ಅಡಿವೆಪ್ಪ ಹೂಲಿ ಎಂಬ ಮಹಾವೀರನು, ಐದು ವರ್ಷಗಳ ಘೋರತಪಸ್ಸಿನ ಬಳಿಕ, ಕೊನೆಯ ಮಾದರಿಯನ್ನೂ ಕೊನೆಯ ಹನಿಯನ್ನೂ ಪಣವಿಟ್ಟು, ಹಾಲುಪುಡಿಯಲ್ಲಿ ಹಾಲಿದೆ ಎಂಬುದನ್ನು ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಸಾಬೀತುಪಡಿಸಿದನು.